ಓಣಿಯ ಎದುರುಬದುರು ಪೆಟ್ಟಿಗೆಗಳು

ನನ್ನ ಗಂಡ ಜನ್ಮದಲ್ಲಿ ಯಾರಿಗೂ ‘ಆಗಲ್ಲ’ ಎಂದವರಲ್ಲ. ಊರೆಲ್ಲ ಇದನ್ನು ಅವರ ದೊಡ್ಡ ಗುಣವೆಂದು ಹೊಗಳುತ್ತದೆ. ಇಪ್ಪತ್ತಾರು ವರ್ಷ ಅವರ ಜೊತೆ ಸಂಸಾರ ಮಾಡಿದ ನನಗೆ ಮಾತ್ರ ಇದು ಗುಣವೋ ಕಾಯಿಲೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಅವರ ಕೆಲಸ ಮನೆಗಳಿಗೆ ಹೀಟ್ ಪಂಪ್ ಕೂರಿಸುವುದು. ಕೋಣೆಯ ಗೋಡೆಯ ಮೇಲೆ ಉದ್ದನೆಯ ಬಿಳಿ ಪೆಟ್ಟಿಗೆ, ಹೊರಗೆ ಫ್ಯಾನಿರುವ ಇನ್ನೊಂದು ಪೆಟ್ಟಿಗೆ, ಎರಡರ ನಡುವೆ ತಾಮ್ರದ ಪೈಪು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ. ಜನ ಅದನ್ನು ಎಸಿ ಎಂದೇ ಕರೆಯುತ್ತಾರೆ, ಇವರನ್ನು ಎಸಿಯವರು ಎಂದು. ಮದುವೆಯಾದ ಹೊಸದರಲ್ಲಿ ಇವರು ತಗಡಿನ ಡಕ್ಟ್ ಮಾಡುವ ಶೆಡ್ಡಿನಲ್ಲಿದ್ದರು. ದೊಡ್ಡ ಕಟ್ಟಡಗಳ ಸೂರಿನೊಳಗೆ ಗಾಳಿ ಹರಿಯುವ ತಗಡಿನ ಸುರಂಗಗಳನ್ನು ಜೋಡಿಸುತ್ತ, ಹೊಟ್ಟೆಯ ಮೇಲೆ ತೆವಳುತ್ತ, ಸಂಜೆ ಮೈತುಂಬ ಗೀರು ಹೊತ್ತು ಮನೆಗೆ ಬರುತ್ತಿದ್ದರು. ಆಮೇಲೆ ಡಕ್ಟೇ ಬೇಡದ ಈ ಯಂತ್ರ ಬಂತು. ಗೋಡೆಯಲ್ಲಿ ಮುಷ್ಟಿ ಗಾತ್ರದ ಒಂದು ತೂತು ಕೊರೆದರೆ ಮುಗಿಯಿತು. ತೆವಳುವುದು ತಪ್ಪಿತು. ಆದರೆ ಡಕ್ಟಿನ ಕಾಲದಲ್ಲಿ ಇಂಜಿನಿಯರು ಗೆರೆ ಎಳೆದುಕೊಡುತ್ತಿದ್ದ, ಇವರು ತಗಡು ಬಗ್ಗಿಸುತ್ತಿದ್ದರು. ಈಗ ಮನೆಯ ಯಜಮಾನರ ಜೊತೆ ನೇರವಾಗಿ ಮಾತಾಡಬೇಕಿತ್ತು. ಅಲ್ಲೇ ಎಡವಟ್ಟಾದದ್ದು.

ಗಿರಾಕಿ ಪೆಟ್ಟಿಗೆಯನ್ನು ಪರದೆಯ ಹಿಂದೆ ಬಚ್ಚಿಡಿ ಎಂದರೆ ಇವರು “ಆಗಲಿ” ಎನ್ನುತ್ತಾರೆ. ಬೀರುವಿನ ಮೇಲೆ, ಸೂರಿಗೆ ತಗುಲಿಸಿ ಕೂರಿಸಿ ಎಂದರೂ “ಆಗಲಿ”. ಮೂರು ತಿಂಗಳ ಮೇಲೆ ಅದೇ ಗಿರಾಕಿ ಫೋನು ಮಾಡಿ ಪರದೆ ಮಾತ್ರ ತಂಪಾಗುತ್ತಿದೆ ಎಂದು ಗೊಣಗಿದರೆ, ಇವರು ಹೋಗಿ ಫಿಲ್ಟರು ತೊಳೆದು, ಇಲ್ಲದ ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡು ಬರುತ್ತಾರೆ. ಅದಕ್ಕೇ ಇವರಿಗೆ ಕೆಲಸದ ಬರ ಇಲ್ಲ. ಜಗಳವಾಡದ ಮೆಕ್ಯಾನಿಕ್ ಎಲ್ಲಿ ಸಿಗುತ್ತಾನೆ ಹೇಳಿ.

ಇನ್ನು ನನ್ನ ತವರಿನ ವಿಷಯ. ನನಗೊಬ್ಬ ಅಣ್ಣ, ಒಬ್ಬ ತಮ್ಮ. ಆರು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಇಬ್ಬರೂ ಮನೆ ಭಾಗ ಮಾಡಿಕೊಂಡರು. ನಡುವಿನ ಹಜಾರ ಕೆಡವಿ, ಎರಡು ಮನೆ ಮಾಡಿ, ಮಧ್ಯೆ ಒಂದು ಮಾರು ಅಗಲದ ಓಣಿ ಬಿಟ್ಟರು. ಓಣಿಯ ಹಿಂಬದಿಗೆ ಗೋಡೆ, ಮುಂದೆ ಬೀದಿ. ನಟ್ಟನಡುವೆ ಕೆಂಪು ಬಣ್ಣದ ಗೆರೆ. ಆ ಗೆರೆ ಬಳಿದ ದಿನದಿಂದ ಅಣ್ಣ ತಮ್ಮನಿಗೆ ಮಾತಿಲ್ಲ. ಏನಾದರೂ ಹೇಳಬೇಕಿದ್ದರೆ ನನ್ನ ಗಂಡನ ಮೂಲಕ ಹೇಳಿ ಕಳಿಸುತ್ತಿದ್ದರು, ಇವರು ಎರಡೂ ಕಡೆ “ಆಗಲಿ” ಎನ್ನುತ್ತಿದ್ದರು. ಅಮ್ಮ ಮಾತ್ರ ಒಬ್ಬಳೇ ಇದ್ದದ್ದರಿಂದ ಅವಳನ್ನು ಕತ್ತರಿಸಲಾಗದೆ ತಿಂಗಳಿಗೊಂದು ಮನೆ ಎಂದು ಸರದಿ ಮಾಡಿದರು.

ಹೋದ ಚಳಿಗಾಲದಲ್ಲಿ ಅಮ್ಮನಿಗೆ ನ್ಯುಮೋನಿಯ ಆಯಿತು. ಹದಿನೆಂಟು ದಿನ ಆಸ್ಪತ್ರೆ. ಬಿಡುಗಡೆ ಮಾಡುವಾಗ ಡಾಕ್ಟರಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡು, “ಇನ್ನೊಂದ್ಸಲ ಶ್ವಾಸಕೋಶಕ್ಕೆ ಥಂಡಿ ಹಿಡಿದ್ರೆ ನಾನು ಏನೂ ಮಾತು ಕೊಡೋಕಾಗಲ್ಲ. ಕೋಣೆ ಇಪ್ಪತ್ತು ಡಿಗ್ರಿಗಿಂತ ಕೆಳಗೆ ಹೋಗ್ಬಾರದು,” ಎಂದರು. ಆಗ ಮಕ್ಕಳಿಬ್ಬರಿಗೂ ಅಮ್ಮನ ಮೇಲೆ ಪ್ರೀತಿ ಉಕ್ಕಿತು. ಬೇಸಿಗೆ ಶುರುವಾಗುವ ಹೊತ್ತಿಗೆ ಅಣ್ಣ ಹೀಟ್ ಪಂಪ್ ತರಿಸಿ, ಹೊರಗಿನ ಪೆಟ್ಟಿಗೆಯನ್ನು ಓಣಿಯಲ್ಲಿ ತನ್ನ ಅರ್ಧದೊಳಗೆ ಕೂರಿಸಿಕೊಂಡ. ಮರುವಾರವೇ ತಮ್ಮ ಅದೇ ಮಾಡೆಲ್ ತರಿಸಿದ.

“ಭಾವ, ಅಣ್ಣನ ಪೆಟ್ಟಿಗೆ ಎಲ್ಲಿದ್ಯೋ ಸರಿಯಾಗಿ ಅದರ ಎದುರಿಗೇ ನಂದೂ ಬರ್ಬೇಕು,” ಎಂದ. “ಒಂದು ಬೆರಳು ಆಚೀಚೆ ಆದ್ರೂ ನಾಳೆ ಅವರು ಗೆರೆ ವಿಷಯಕ್ಕೆ ಬರ್ತಾರೆ.”

ಅಣ್ಣ ಕಿಟಕಿಯಿಂದ ನೋಡುತ್ತ ನಿಂತಿದ್ದ. “ಭಾವ, ಅವನ ಪೆಟ್ಟಿಗೆ ನಂದಕ್ಕಿಂತ ಮುಂದೆ ಇರ್ಬಾರ್ದು, ಅಷ್ಟೇ,” ಎಂದ.

“ಆಗಲಿ,” ಎಂದರು ನನ್ನವರು. ರಸಮಟ್ಟ ಇಟ್ಟು, ಟೇಪು ಹಿಡಿದು, ಎರಡು ಪೆಟ್ಟಿಗೆಗಳನ್ನು ಗೆರೆಯಿಂದ ಸರಿಸಮ ದೂರದಲ್ಲಿ ಮುಖಕ್ಕೆ ಮುಖ ಕೊಟ್ಟು ನಿಲ್ಲಿಸಿದರು. ತಪ್ಪು ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ ಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಬೇಸಿಗೆಯಲ್ಲಿ ತಂಪು ಸಾಲದು ಎಂದು ಇಬ್ಬರೂ ಗೊಣಗಿದರು. ಬೇಸಿಗೆಯಲ್ಲಿ ಯಾರು ಗೊಣಗುವುದಿಲ್ಲ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಳಿಗಾಲ ಬಂತು. ಅಮ್ಮ ಆ ತಿಂಗಳು ಅಣ್ಣನ ಮನೆಯಲ್ಲಿದ್ದಳು. ನಾನು ಹೋಗಿ ನೋಡಿದರೆ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಕಂಬಳಿ, ಅದರೊಳಗೆ ಎಲ್ಲೋ ಅಮ್ಮ. ರಿಮೋಟಿನಲ್ಲಿ ಮೂವತ್ತು ಡಿಗ್ರಿ ಇಟ್ಟಿದ್ದರು. ಗೋಡೆಯ ಥರ್ಮಾಮೀಟರು ಹದಿನಾಲ್ಕು ತೋರಿಸುತ್ತಿತ್ತು. ಗೋಡೆಯ ಪೆಟ್ಟಿಗೆ ಇಪ್ಪತ್ತು ನಿಮಿಷ ಬೆಚ್ಚಗೆ ಊದಿ, ಆಮೇಲೆ ಹತ್ತು ನಿಮಿಷ ಸುಮ್ಮನಾಗುತ್ತಿತ್ತು.

“ಅದೂ ಉಸಿರು ತಗೊಳ್ಳಲಿ ಬಿಡೇ, ಪಾಪ,” ಎಂದು ಅಮ್ಮ ಕೆಮ್ಮಿದಳು. ಹೋದ ವರ್ಷ ಶುರುವಾದದ್ದೂ ಹೀಗೇ ಒಣ ಕೆಮ್ಮಿನಿಂದ.

“ಅವನು ಬೇಕೂಂತ ಜೋರಾಗಿ ಓಡಿಸ್ತಾನೆ ಕಣೇ, ನಮ್ಮದು ಕೆಡಲಿ ಅಂತ,” ಎಂದ ಅಣ್ಣ. ಓಣಿ ದಾಟಿ ತಮ್ಮನ ಮನೆಗೆ ಹೋದೆ. ಅಲ್ಲೂ ಮೂವತ್ತು ಡಿಗ್ರಿ, ಅಲ್ಲೂ ಹದಿನಾಲ್ಕು. “ಅವರು ಇಪ್ಪತ್ತೆಂಟು ಇಟ್ಟಿದ್ರೆ ನಾನ್ಯಾಕೆ ಮೂವತ್ತು ಇಡ್ತಿದ್ದೆ ಅಕ್ಕ? ಅವರು ಶುರು ಮಾಡಿದ್ದು,” ಎಂದ. ಬರುವ ತಿಂಗಳು ಅಮ್ಮನ ಸರದಿ ಇಲ್ಲಿಗೆ. ಅಂದರೆ ಅವಳಿಗೆ ಚಳಿಯಲ್ಲೂ ಸಮಪಾಲು.

ಮನೆಗೆ ಬಂದು ಗಂಡನನ್ನು ಹಿಡಿದುಕೊಂಡೆ. “ರೀ, ಆ ಯಂತ್ರಕ್ಕೆ ಏನಾಗಿದೆ?”

“ಯಂತ್ರಕ್ಕೇನೂ ಆಗಿಲ್ಲ.”

“ಮತ್ತೆ ಬಿಸಿ ಯಾಕೆ ಬರ್ತಿಲ್ಲ?”

ಅವರು ತಟ್ಟೆ ಸರಿಸಿ ಕೂತರು. ಕೆಲಸದ ಮಾತು ಬಂದರೆ ಅವರ ಮುಖಕ್ಕೆ ಒಂದು ಕಳೆ ಬರುತ್ತದೆ. “ತೊಟ್ಟಿಯಿಂದ ಟ್ಯಾಂಕಿಗೆ ನೀರೆತ್ತೋ ಮೋಟಾರು ನೀರು ಹುಟ್ಟಿಸುತ್ತಾ? ಇಲ್ಲ, ಇರೋದನ್ನ ಎತ್ತುತ್ತೆ ಅಷ್ಟೇ. ಇದೂ ಹಾಗೇನೇ, ಶಾಖ ಹುಟ್ಟಿಸಲ್ಲ. ಹೊರಗಿನ ಗಾಳೀಲಿ ಎಷ್ಟೇ ಚಳಿ ಇದ್ರೂ ಒಂದಿಷ್ಟು ಶಾಖ ಇರುತ್ತೆ. ಪೈಪಲ್ಲಿರೋ ಗ್ಯಾಸು ಅದಕ್ಕಿಂತ ತಣ್ಣಗಿರುತ್ತೆ, ಹಾಗಾಗಿ ಆ ಶಾಖ ಹೀರ್ಕೊಳ್ಳುತ್ತೆ. ಕಂಪ್ರೆಸರು ಗ್ಯಾಸನ್ನ ಒತ್ತಿದ್ರೆ ಅದು ಬಿಸಿಯಾಗುತ್ತೆ, ಆ ಬಿಸೀನ ಒಳಗಿನ ಪೆಟ್ಟಿಗೆ ಕೋಣೆಗೆ ಬಿಡುತ್ತೆ. ಬೇಸಿಗೇಲಿ ಇದೇ ಉಲ್ಟಾ, ಒಳಗಿಂದ ಎತ್ತಿ ಹೊರಗೆ.”

“ಶಾಖ ಹೀರಿದ ಮೇಲೆ ಆ ಗಾಳಿ?”

“ಇನ್ನೂ ತಣ್ಣಗಾಗಿ ಫ್ಯಾನಿನ ಮುಂದಕ್ಕೆ ಬರುತ್ತೆ.”

“ಫ್ಯಾನಿನ ಮುಂದೆ ಏನಿದೆ?”

ಉತ್ತರವನ್ನು ನಾನೇ ಹೇಳಿದೆ. ಅಣ್ಣನ ಪೆಟ್ಟಿಗೆ ಉಗುಳಿದ ತಣ್ಣನೆ ಗಾಳಿಯನ್ನು ತಮ್ಮನ ಪೆಟ್ಟಿಗೆ ಹೀರುತ್ತದೆ, ತಮ್ಮನದು ಉಗುಳಿದ್ದನ್ನು ಅಣ್ಣನದು. ಗಾಳಿ ಆ ಓಣಿಯಲ್ಲೇ ಸುತ್ತುತ್ತದೆ. ಉಳಿದದ್ದನ್ನು ಅವರೇ ಸೇರಿಸಿದರು. ಒಬ್ಬರು ಹಟಕ್ಕೆ ಬಿದ್ದು ಜೋರು ಮಾಡಿದಷ್ಟೂ ಇನ್ನೊಬ್ಬರ ಪೆಟ್ಟಿಗೆಗೆ ಮಂಜು ಕಟ್ಟುತ್ತದೆ, ಆ ಮಂಜು ಕರಗಿಸಲು ಯಂತ್ರ ಹತ್ತು ನಿಮಿಷ ಬಿಸಿ ನಿಲ್ಲಿಸುತ್ತದೆ. ಅಮ್ಮ ಅದಕ್ಕೆ ಪಾಪ ಎನ್ನುತ್ತಾಳೆ.

“ಇದು ನಿಮಗೆ ಯಾವಾಗ ಗೊತ್ತಾಯ್ತು?”

“ಕೂರಿಸೋವಾಗ್ಲೇ ಗೊತ್ತಿತ್ತು,” ಎಂದರು. “ಒಂದನ್ನ ತಾರಸಿಗೆ ಏರಿಸಿದ್ರೆ ಸಾಕಿತ್ತು. ಆದ್ರೆ ಯಾರದನ್ನ ಏರಿಸ್ಲಿ? ಏರಿಸಿದವನು ಓಣಿ ಬಿಟ್ಟುಕೊಟ್ಟ ಹಾಗಾಗುತ್ತೆ. ನಾನು ಆ ಮನೆ ಅಳಿಯ ಕಣೇ, ಭಾಗದ ವಿಷಯದಲ್ಲಿ ಬಾಯಿ ಹಾಕೋಕಾಗುತ್ತಾ?”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಯಿಗೆ ಬಂದ ಹಾಗೆ ಅಂದೆ. ನಿಮ್ಮ ಒಳ್ಳೆಯತನ ಕಟ್ಟಿಕೊಂಡು ನನ್ನ ಅಮ್ಮ ಸಾಯಬೇಕಾ ಎಂದೆ. ಬಾಯಿ ಬಿಡಬೇಕಾದ ಕಡೆ ಬಾಯಿ ಬಿಡದವರು ಗಂಡಸೇ ಅಲ್ಲ ಎಂದೂ ಅಂದುಬಿಟ್ಟೆ. ಅವರು ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟರು. ಅದು ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು.

ಮರುದಿನ ಬೆಳಿಗ್ಗೆ ಎದ್ದವರೇ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಕೆಲಸಕ್ಕೆ ಅವರು ಎಂದೂ ಇಸ್ತ್ರಿ ಅಂಗಿ ಹಾಕಿದವರಲ್ಲ. ನಾನೂ ಹಿಂದೆ ಹೋದೆ. ಅಣ್ಣ, ತಮ್ಮ ಇಬ್ಬರನ್ನೂ ಓಣಿಗೆ ಕರೆದರು. ಅವರು ತಮ್ಮತಮ್ಮ ಅರ್ಧದಲ್ಲಿ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಇಬ್ಬರೂ ಇವರನ್ನೇ ನೋಡಿದರು. ಇವರು ಜೇಬಿನಿಂದ ತೆಗೆದ ಥರ್ಮಾಮೀಟರು ಬೀದಿಯಲ್ಲಿ ಹಿಡಿದರೆ ಎಂಟು ತೋರಿಸಿತು. ಪೆಟ್ಟಿಗೆಗಳ ನಡುವೆ ಹಿಡಿದರೆ ಎರಡಕ್ಕೆ ಇಳಿಯಿತು. ಎರಡರ ಬೆನ್ನಿಗೂ ಬೆರಳು ದಪ್ಪದ ಬಿಳಿ ಮಂಜು ಕಟ್ಟಿತ್ತು.

“ಒಬ್ಬರದನ್ನ ಇನ್ನೊಬ್ಬರದು ಕೆಡಿಸ್ತಿದೆ,” ಎಂದರು ನನ್ನವರು. “ಹೀಗೆ ಕೂರಿಸ್ಬಾರ್ದು ಅಂತ ಮೊದಲ ದಿನಾನೇ ನನಗೆ ಗೊತ್ತಿತ್ತು. ಹೇಳ್ಲಿಲ್ಲ. ತಪ್ಪು ನನ್ನದು.”

ನನಗೆ ಹೆಮ್ಮೆಯಾಯಿತು. ಇಪ್ಪತ್ತಾರು ವರ್ಷದಲ್ಲಿ ಇವರ ಬಗ್ಗೆ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ. ಅದು ಅರ್ಧ ನಿಮಿಷ ಉಳಿಯಿತು.

ಅಣ್ಣ ನಿಧಾನವಾಗಿ ತಮ್ಮನ ಕಡೆ ತಿರುಗಿದ. “ಕೇಳಿಸ್ಕೊಂಡ್ಯಾ?” ಎಂದ.

ಆರು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

“ಕೇಳಿಸ್ಕೊಂಡೆ ಅಣ್ಣ,” ಎಂದ ತಮ್ಮ. “ಗೊತ್ತಿದ್ದೂ ಗೊತ್ತಿದ್ದೂ ನಮ್ಮ ಹೊಟ್ಟೆ ಮೇಲೆ ಹೊಡ್ದಿದ್ದಾರೆ.”

“ನಾನು ನಿನ್ನ ಮೇಲೆ ಅನುಮಾನ ಪಟ್ಟೆ ಕಣೋ.”

“ನಾನೂ ಪಟ್ಟೆ ಬಿಡಣ್ಣ. ನಮ್ಮಿಬ್ಬರ ಮಧ್ಯೆ ನಿಂತು ಇವರು ಆಟ ನೋಡ್ತಿದ್ರು.”

ಇಬ್ಬರೂ ಸೇರಿ ಇವರಿಗೆ ಮಂಗಳಾರತಿ ಎತ್ತಿದರು. ಬಯ್ಯುತ್ತ ಬಯ್ಯುತ್ತ ಅಣ್ಣ ಗೆರೆ ದಾಟಿ ತಮ್ಮನ ಪಕ್ಕ ಹೋಗಿ ನಿಂತದ್ದು ಅವನಿಗೇ ತಿಳಿಯಲಿಲ್ಲ. ಇನ್ನು ಇವರ ಕೈ ಯಂತ್ರಕ್ಕೆ ತಗಲಕೂಡದು ಎಂದು ಅಲ್ಲೇ ತೀರ್ಪಾಯಿತು. ನಾಲ್ಕೇ ದಿನದಲ್ಲಿ ಇನ್ನೊಬ್ಬ ಮೆಕ್ಯಾನಿಕ್ ಬಂದ. ಎರಡೂ ಪೆಟ್ಟಿಗೆಗಳನ್ನು ಅಣ್ಣನ ತಾರಸಿಗೆ ಏರಿಸಿ, ಪಕ್ಕಪಕ್ಕದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿಸಿ ಕೂರಿಸಿದ. ಯಾರ ತಾರಸಿ, ಯಾರ ಜಾಗ ಎಂದು ಯಾರೂ ಕೇಳಲಿಲ್ಲ. ಇಬ್ಬರಿಗೂ ಬಯ್ಯಲು ಒಬ್ಬ ಸಿಕ್ಕಿದ್ದ, ಉಳಿದದ್ದೆಲ್ಲ ಸಲೀಸಾಯಿತು.

ನನ್ನವರು ಮತ್ತೆ ಆ ಮನೆಯ ಮೆಟ್ಟಿಲು ತುಳಿಯಲಿಲ್ಲ. ಯಾರೂ ಕರೆಯಲೂ ಇಲ್ಲ. ಈಚೆಗೆ ಅಣ್ಣ ತಮ್ಮಂದಿರು ಸಿಕ್ಕಿದವರ ಮುಂದೆಲ್ಲ ಹೊಸ ಕಥೆ ಹೇಳುತ್ತಿದ್ದಾರೆಂದು ನನ್ನ ಕಿವಿಗೆ ಬಿತ್ತು. ಭಾವನೇ ನಮ್ಮಿಬ್ಬರಿಗೆ ತಂದಿಟ್ಟದ್ದು, ಮನೆ ಭಾಗವಾದದ್ದೂ ಅವರಿಂದಲೇ ಎಂದು. ಭಾಗವಾಗಿ ಆರು ವರ್ಷವಾಗಿದೆ, ಪೆಟ್ಟಿಗೆ ಬಂದದ್ದು ಈ ವರ್ಷ. ಲೆಕ್ಕ ತಪ್ಪಿದರೂ ಕಥೆ ಚೆನ್ನಾಗಿತ್ತು, ಜನ ನಂಬಿದರು. ನಾನು ಇವರಿಗೆ ಹೇಳಿದೆ. ಅವರು ತಾಮ್ರದ ಪೈಪಿನ ಬಾಯಿ ಅರಳಿಸುವ ಉಪಕರಣಕ್ಕೆ ಎಣ್ಣೆ ಹಾಕುತ್ತ ಕೂತಿದ್ದವರು, “ಅತ್ತೆ ಹೇಗಿದ್ದಾರೆ?” ಎಂದು ಮಾತ್ರ ಕೇಳಿದರು. ನನಗೆ ಕಣ್ಣಲ್ಲಿ ನೀರು ಬಂತು. ಇವತ್ತು ಹೋಗಿ ಇಬ್ಬರಿಗೂ ನೀರಿಳಿಸಿ ಬರುತ್ತೇನೆ ಎಂದು ಸೆರಗು ಸಿಕ್ಕಿಸಿ ಹೊರಟೆ.

ಅಮ್ಮನ ಕೋಣೆಯಲ್ಲಿ ಇಪ್ಪತ್ತೆರಡು ಡಿಗ್ರಿ. ಕಂಬಳಿ ಮಡಿಸಿ ಕಾಲ ಬಳಿ ಇಟ್ಟಿತ್ತು. ಕೆಮ್ಮಿಲ್ಲ, ಕೆನ್ನೆಗೆ ಬಣ್ಣ ಬಂದಿದೆ. ಮಂಚದ ಆಚೆ ಅಣ್ಣ, ಈಚೆ ತಮ್ಮ, ನಡುವೆ ಒಂದೇ ಬಿಸ್ಕತ್ತಿನ ಪೊಟ್ಟಣ. ಇಬ್ಬರೂ ಚಹಾ ಕುಡಿಯುತ್ತ ಅದೇ ಕಥೆಯನ್ನು ಅಮ್ಮನಿಗೆ ಹೇಳುತ್ತಿದ್ದರು, ಒಬ್ಬ ಮರೆತದ್ದನ್ನು ಇನ್ನೊಬ್ಬ ಎತ್ತಿಕೊಡುತ್ತಿದ್ದ. ಅಮ್ಮ ಒಂದು ಕೈ ಅವನ ಮೊಣಕಾಲ ಮೇಲೆ, ಒಂದು ಕೈ ಇವನ ಮೊಣಕಾಲ ಮೇಲೆ ಇಟ್ಟುಕೊಂಡು ಕೇಳುತ್ತಿದ್ದಳು. ನನ್ನನ್ನು ಕಂಡು ತಲೆ ಎತ್ತಿದಳು.

“ಇವರು ಹೇಳ್ತಿರೋದು ನಿಜವೇನೇ? ನಿನ್ನ ಗಂಡನಿಂದಾನೇ ನನ್ನ ಮಕ್ಕಳು ಬೇರೆಯಾಗಿದ್ದಾ?”

ಅಣ್ಣ ನನ್ನ ಮುಖ ನೋಡಿದ. ತಮ್ಮನೂ ನೋಡಿದ.

“ಹೌದಮ್ಮ,” ಎಂದೆ.