ಲಲಿತಾ ಅಕ್ಕೋರ ಒಡಪಿನ ಪಾಠ

ಯಲಬುರ್ಗಾ ಸೀಮೆಯ ಆ ಊರಿನ ಸರ್ಕಾರಿ ಶಾಲೆಗೆ ಲಲಿತಾ ಅಕ್ಕೋರು ಟೀಚರಾಗಿ ಬಂದು ಹನ್ನೊಂದು ವರ್ಷವಾಯಿತು. ಇಲಾಖೆ ಕೊಟ್ಟ ಪಟಗಳನ್ನು ಗೋಡೆಗೆ ಹಚ್ಚಿದರೂ ಓದಿನ ಪಾಠವನ್ನು ಅವರು ತಂದದ್ದು ಊರ ಹೆಂಗಸರ ಬಾಯಿಂದ. ಗಂಡನ ಹೆಸರನ್ನು ಬರಿದೇ ಹೇಳಲಾರದ ಹೆಂಗಸರು ಮದುವೆ ಮನೆಗಳಲ್ಲಿ ಅದನ್ನು ಪದದೊಳಗೆ ಪೋಣಿಸಿ ಹೇಳುತ್ತಾರಲ್ಲ, ಆ ಒಡಪನ್ನು ಮಕ್ಕಳು ಬರೆದು ತರಬೇಕು. ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು, ಶನಿವಾರ ಎಲ್ಲರೆದುರು ಓದಬೇಕು.

“ಇದೇನು ಸಾಲಿನೋ ಲಗ್ನದ ಮನಿನೋ?” ಎಂದು ಹೆಡ್‌ಮಾಸ್ತರ ಶರಣಬಸಪ್ಪ ನಕ್ಕರು. ನಗಲಿ ಬಿಡಿ. ಪುಸ್ತಕ ಕಂಡರೆ ಆಕಳಿಸುತ್ತಿದ್ದ ಮಕ್ಕಳು ಪೆನ್ಸಿಲ್ ಹಿಡಿದು ಅಜ್ಜಿಯರ ಬೆನ್ನು ಹತ್ತಿದ್ದರು.

ಸುರೇಖಾಳದೊಂದೇ ಚಿಂತೆ. ಮೂರನೆಯ ತರಗತಿಗೆ ಬಂದರೂ ಓದು ಎಂದರೆ ತಲೆ ತಗ್ಗಿಸುವಳು. ಅವಳ ಅಜ್ಜಿ ಉಡಚಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು: “ಈ ಶನಿವಾರ ಓದಿದ್ರ ಛಲೋ ಆತ್ರಿ ಅಕ್ಕೋರ. ಇಲ್ಲಂದ್ರ ಸೋಮವಾರದಿಂದ ನನ್ನ ಜೋಡಿ ಹತ್ತಿ ಬಿಡಸಾಕ ಬರ್ತಾಳ.” ಆ ವಾರವೆಲ್ಲ ಶಾಲೆ ಬಿಟ್ಟ ಮೇಲೆ ಅಕ್ಕೋರು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದರು.

ಶನಿವಾರ ಉಡಚಮ್ಮ ಬಂದು ಬಾಗಿಲ ಬಳಿ ಕೂತಳು. ಸುರೇಖಾ ಅಜ್ಜಿಯಿಂದ ಕೇಳಿ ಬರೆದುಕೊಂಡ ಒಡಪಿನ ಸಾಲಿನ ಮೇಲೆ ಬೆರಳಿಟ್ಟು ಓದಿದಳು: “ಹೊಲಕ್ಕ ಸಜ್ಜಿ ಚೆಂದ, ಎತ್ತಿಗಿ ಗೆಜ್ಜಿ ಚೆಂದ...”

ಅಲ್ಲಿಗೇ ನಿಂತಳು. ಶರಣಬಸಪ್ಪನವರು ಬೇರೆ ಅಲ್ಲೇ ಇದ್ದರು. ನಗುವವರ ಮುಂದೆ ಎಡವಿ ಬಿದ್ದಂತಾಯಿತು ಅಕ್ಕೋರಿಗೆ.

“ಮುಂದ ಬರಂಗಿಲ್ಲೇನು?” ಎಂದಳು ಉಡಚಮ್ಮ.

“ಬರ್ತೈತಿ ಆಯಿ. ಇಲ್ಲಿ ಜಾಗಾ ಖಾಲಿ ಐತಿ. ಮುತ್ಯಾನ ಹೆಸರು ನೀ ಹೇಳಲೇ ಇಲ್ಲ. ಹೇಳಿದ್ದಷ್ಟ ಬರೀರಿ ಅಂದಾರ ಅಕ್ಕೋರು.”

ಮುತ್ಯಾ, ಅಂದರೆ ಉಡಚಮ್ಮನ ಗಂಡ, ತೀರಿಕೊಂಡು ಆರು ವರ್ಷ. ಅಂದಿನಿಂದ ಉಡಚಮ್ಮ ಆ ಹೆಸರನ್ನು ಒಡಪಿನಲ್ಲೂ ಎತ್ತಿರಲಿಲ್ಲ. ಮುದುಕಿ ಎದ್ದು ನಿಂತು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

“ಬರಕೋ. ಹೊಳಿಯಪ್ಪ.”

ಅಕ್ಕೋರು ಹುಡುಗಿಯ ಕೈಗೆ ಸುಣ್ಣದಕಡ್ಡಿ ಕೊಟ್ಟರು. ಯಾರನ್ನೂ ಕೇಳದೆ, ಒಂದೂ ತಪ್ಪಿಲ್ಲದೆ ಸುರೇಖಾ ಆ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು. ಆಮೇಲೆ ತಿರುಗಿ ನಿಂತು ಓದಿದಳು: “ಹೊಳಿಯಪ್ಪ ಕುಂತ್ರ ನಮ್ಮ ಕಟ್ಟಿ ಚೆಂದ.”

ಓದು ಬಾರದ ಉಡಚಮ್ಮ ಬೋರ್ಡನ್ನೇ ನೋಡುತ್ತಿದ್ದಳು.

“ಇದ ಏನ್ರಿ ಅವರ ಹೆಸರು?” ಎಂದಳು. ಬೋರ್ಡಿನ ಹತ್ತಿರ ಹೋಗಿ, “ಸೋಮವಾರ ಇಕಿ ಸಾಲಿಗಿ ಬರ್ತಾಳ್ರಿ. ಅದನ್ನ ಈಗ ಒರಸಬ್ಯಾಡ್ರಿ” ಎಂದಳು.

ಸೋಮವಾರ ಲಲಿತಾ ಅಕ್ಕೋರು ಬೋರ್ಡಿನ ಉಳಿದರ್ಧದಲ್ಲಿ ಲೆಕ್ಕ ಕಲಿಸಿದರು. ಸುರೇಖಾ ಮುಂದಿನ ಸಾಲಿನಲ್ಲಿ ಕೂತಿದ್ದಳು.