ಸೋಮವಾರ ಹೂಡದ ಪ್ರೊಸೆಸರ್

ನಮ್ಮ ದೊಡ್ಡಪ್ಪ ಕರಿಬಸಪ್ಪನವರು ಎತ್ತು ಆರಿಸುವುದರಲ್ಲಿ ಹೆಸರು ಮಾಡಿದವರು. ಯಲಬುರ್ಗಾ ಕಡೆ ಯಾರು ಎತ್ತು ಕೊಳ್ಳಬೇಕಾದರೂ ಮೊದಲು ನಮ್ಮ ಮನೆಯ ಕಟ್ಟೆಗೆ ಬಂದು ಕೂತು, ಚಹಾ ಕುಡಿದು, ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ದೊಡ್ಡಪ್ಪ ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಿದ್ದರು, ಮೈಮೇಲಿನ ಸುಳಿ ನೋಡುತ್ತಿದ್ದರು, ಕಡೆಗೆ ಬಾಲ ತಿರುಚಿ ಒದೆಸಿಕೊಳ್ಳುತ್ತಿದ್ದರು. ಒದ್ದರೆ ಎತ್ತಿನಲ್ಲಿ ಜೀವ ಇದೆ ಎಂದು ಅರ್ಥ. ಅವರ ಎಡ ಮೊಣಕಾಲು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಬಂದವರಿಗೆಲ್ಲ ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ.

ಆಮೇಲೆ ಮನೆಮನೆಗೂ ಟ್ರ್ಯಾಕ್ಟರ್ ಬಂತು. ಆರಿಸಲು ಎತ್ತುಗಳೇ ಉಳಿಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ಕೂರುತ್ತಿದ್ದರು. ದೊಡ್ಡಪ್ಪ ಸುಮ್ಮನೆ ಕೂರುವ ಪೈಕಿ ಅಲ್ಲ. ಊರಿಗೆ ಬರುವ ಪಂಪ್‌ಸೆಟ್ಟು, ಗಿರಣಿ, ಮೋಟರ್‌ಸೈಕಲ್ಲು, ವಾಷಿಂಗ್ ಮಷೀನು, ಎಲ್ಲವನ್ನೂ ತಾವೇ ಆರಿಸತೊಡಗಿದರು. ಪದ್ಧತಿ ಮಾತ್ರ ಹಳೆಯದೇ. ದೊಡ್ಡವ್ವನ ವಾಷಿಂಗ್ ಮಷೀನಿಗೆ ಹಿಂದಿನಿಂದ ಎರಡು ಗುದ್ದಿ, ಅದು ಅಲುಗಾಡದೆ ನಿಂತದ್ದನ್ನು ಕಂಡು, “ಇದು ಸಾಧು ಐತಿ, ತಗೋರಿ” ಎಂದಿದ್ದರು. ಅದು ಎಷ್ಟು ಸಾಧುವೆಂದರೆ ಇವತ್ತಿಗೂ ತಿರುಗಿಲ್ಲ. ಅದರ ಮೇಲೆ ನಾವು ಉಪ್ಪಿನಕಾಯಿ ಭರಣಿ ಇಟ್ಟಿದ್ದೇವೆ. ಇಷ್ಟಾದರೂ ದುಡಿಯುವ ಯಾವ ವಸ್ತುವನ್ನೂ ದೊಡ್ಡಪ್ಪನಿಲ್ಲದೆ ನಮ್ಮ ಮನೆಯಲ್ಲಿ ಕೊಳ್ಳುವಂತಿಲ್ಲ.

ನಾನು ಲಲಿತಾ, ಅವರ ತಮ್ಮನ ಮಗಳು. ಅನಿಮೇಶನ್ ನನ್ನ ಹೊಟ್ಟೆಪಾಡು. ಬೀಜದ ಅಂಗಡಿಯವರಿಗೆ ಗಳಗಳ ಅಳುವ ಕಾಯಿಕೊರಕ ಹುಳು ಮಾಡಿಕೊಡುತ್ತೇನೆ, ಮದುವೆಯವರಿಗೆ ಕುಣಿಯುವ ಗಣಪತಿ ಮಾಡಿಕೊಡುತ್ತೇನೆ. ನನ್ನ ಸ್ಟುಡಿಯೊ ಇರುವುದು ದೊಡ್ಡಪ್ಪನ ಮನೆಯ ಎತ್ತಿನ ಕೋಣೆಯಲ್ಲಿ. ದಪ್ಪ ಕಲ್ಲಿನ ಗೋಡೆ, ಬೇಸಗೆಯಲ್ಲೂ ತಂಪು. ಎತ್ತುಗಳು ಮೇವು ತಿನ್ನುತ್ತಿದ್ದ ಗೋದಲಿಯ ಮೇಲೆ ಹಲಗೆ ಹಾಸಿ ಕಂಪ್ಯೂಟರ್ ಇಟ್ಟಿದ್ದೇನೆ.

ಬೇಸಗೆಯ ಒಂದು ದಿನ ಸುಕನ್ಯಾ ಬಂದಳು. ಅವಳ ಅಪ್ಪ ಗ್ಯಾನಪ್ಪ ನಮ್ಮ ಹೊಲದಲ್ಲಿ ದುಡಿದವನು. ದೊಡ್ಡಪ್ಪ ಆರಿಸಿದ ಎತ್ತುಗಳನ್ನೆಲ್ಲ ಹೂಡಿ ಹೊಡೆದವನು ಅವನೇ. ತೀರಿಕೊಂಡು ಎರಡು ವರ್ಷವಾಗಿತ್ತು. ಸುಕನ್ಯಾಳ ಮದುವೆ ಗೊತ್ತಾಗಿತ್ತು, ಗಂಡು ನವಲಿಯವನು.

“ಅಕ್ಕಾ, ಮದಿವ್ಯಾಗ ತಲಿ ಮ್ಯಾಲ ಅಕ್ಕಿಕಾಳು ಹಾಕೋ ಹೊತ್ತಿಗೆ ಅಪ್ಪ ಪರದೆ ಮ್ಯಾಲ ಒಂದೀಟು ಕಾಣಬೇಕು,” ಎಂದಳು. “ನಿನ್ನ ಕೈಲೆ ಆಗತೈತೇನು?”

ಆಗುತ್ತದೆ ಎಂದೆ. ಗ್ಯಾನಪ್ಪನ ಫೋಟೊ ಇದ್ದದ್ದೇ ಎರಡು. ಒಂದು ಆಧಾರ್ ಕಾರ್ಡಿನದು, ಅದರಲ್ಲಿ ಯಾರೋ ಹೆದರಿಸಿದಂತೆ ಕಣ್ಣು ಬಿಟ್ಟಿದ್ದ. ಇನ್ನೊಂದು ನಮ್ಮ ಮನೆಯ ಫೋಟೊ. ಮಧ್ಯದಲ್ಲಿ ದೊಡ್ಡಪ್ಪ ಮತ್ತು ಎತ್ತುಗಳು, ಅಂಚಿನಲ್ಲಿ ಹಗ್ಗ ಹಿಡಿದು ನಿಂತ ಗ್ಯಾನಪ್ಪ ಅರ್ಧ ಮಾತ್ರ. ಉಳಿದ ಅರ್ಧವನ್ನು ನಾನೇ ಮಾಡಿದೆ. ನನಗೊಂದು ಕೆಟ್ಟ ಚಾಳಿ ಇದೆ, ಕೇಳಿದ್ದಕ್ಕಿಂತ ಹೆಚ್ಚು ಮಾಡುವುದು. ಗ್ಯಾನಪ್ಪನನ್ನು ಚಕ್ಕಡಿಯ ಮೇಲೆ ನಿಲ್ಲಿಸಿದೆ, ಎತ್ತುಗಳನ್ನು ಓಡಿಸಿದೆ, ಹಿಂದೆ ಮುಗಿಲಿನವರೆಗೆ ಧೂಳು ಎಬ್ಬಿಸಿದೆ, ಮೇಲಿಂದ ಹೂವು ಸುರಿಸಿದೆ.

ಹಾಗೆ ಮಾಡಿದ್ದನ್ನೆಲ್ಲ ಕಂಪ್ಯೂಟರು ಒಂದೊಂದೇ ಚಿತ್ರವಾಗಿ, ಬೆಳಕು ನೆರಳು ಲೆಕ್ಕ ಹಾಕಿ ಬರೆಯಬೇಕು. ಅದಕ್ಕೆ ರೆಂಡರಿಂಗ್ ಎನ್ನುತ್ತಾರೆ. ಆ ಲೆಕ್ಕ ಮಾಡುವುದು ಪ್ರೊಸೆಸರ್. ನನ್ನ ಹಳೆಯ ಪ್ರೊಸೆಸರ್ ಧೂಳು ಕಂಡೊಡನೆ ಮಲಗಿಬಿಟ್ಟಿತು. ಅದನ್ನೇ ನಂಬಿದರೆ ಸುಕನ್ಯಾಳ ಮಗುವಿನ ನಾಮಕರಣಕ್ಕೆ ಗ್ಯಾನಪ್ಪ ಬರುತ್ತಿದ್ದ. ಹೊಸದು ಬೇಕೇ ಬೇಕಾಯಿತು.

ಆನ್‌ಲೈನಿನಲ್ಲಿ ತರಿಸುವ ಹಾಗಿಲ್ಲ. ನಮ್ಮೂರ ಹೆಸರು ಮಂಗಳೂರು, ಸಮುದ್ರವಿಲ್ಲದ ಮಂಗಳೂರು. ಹಿಂದೊಮ್ಮೆ ತರಿಸಿದ ಹಾರ್ಡ್‌ಡಿಸ್ಕ್ ಸಮುದ್ರ ನೋಡಿಕೊಂಡು ತಿಂಗಳ ಮೇಲೆ ಬಂದಿತ್ತು. ಹಾಗಾಗಿ ಕೊಪ್ಪಳಕ್ಕೇ ಹೊರಟೆ. ಚಪ್ಪಲಿ ಮೆಟ್ಟುವಷ್ಟರಲ್ಲಿ ದೊಡ್ಡಪ್ಪ ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಬಸ್ಸಿನಲ್ಲಿ ಕೇಳಿದರು, “ಆ ಕೋರು ಕೋರು ಅಂತಿಯಲ್ಲ, ಹಂಗಂದ್ರ ಏನವಾ?”

“ಪ್ರೊಸೆಸರ್ ಒಳಗ ದುಡಿಯೋ ಎತ್ತು ಅಂತ ತಿಳ್ಕೋರಿ ದೊಡ್ಡಪ್ಪಾ,” ಎಂದೆ. ಸುಲಭವಾಗಿ ಹೇಳಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಈ ಮಾತಿಗೆ ಮುಂದೆ ಎಷ್ಟು ಪಡಬೇಕಾದೀತು ಎಂದು ಗೊತ್ತಿದ್ದರೆ ಕುಕನೂರಿನಲ್ಲೇ ಇಳಿದು ವಾಪಸ್ ಬರುತ್ತಿದ್ದೆ.

ಕೊಪ್ಪಳದ ಕಂಪ್ಯೂಟರ್ ಅಂಗಡಿಯ ಮಾಜೀದ ನಮ್ಮ ಮುಂದೆ ಎರಡು ಡಬ್ಬಿ ಇಟ್ಟ. “ಯಜಮಾನ್ರ, ಇದ್ರಾಗ ಹದಿನಾರು ಕೋರ್ ಅದಾವ್ರಿ, ಎಲ್ಲಾ ಒಂದ ತಾಕತ್ತಿನವು. ಈ ಇನ್ನೊಂದ್ರಾಗ ಹದಿನಾಕು. ಆರು ದೊಡ್ಡವು, ಎಂಟು ಸಣ್ಣವು. ದೊಡ್ಡವು ಜೋರ್ ಓಡತಾವು, ಸಣ್ಣವು ಕರೆಂಟ್ ಕಮ್ಮಿ ತಿಂತಾವು.”

ನನಗೆ ಬೇಕಾಗಿದ್ದು ಎರಡನೆಯದು. ವಾರಗಟ್ಟಲೆ ವಿಡಿಯೊ ನೋಡಿ ನಿರ್ಧರಿಸಿದ್ದೆ. ಗೊಂಬೆ ಕುಣಿಸುವಾಗ ಜೋರಾಗಿ ಓಡುವ ಒಂದು ಕೋರ್ ಇದ್ದರೆ ಕೆಲಸ ಸಲೀಸು. ರೆಂಡರಿಂಗಿಗೆ ಎಲ್ಲವೂ ಕೂಡಿ ಎಳೆಯಬೇಕು. ಎರಡೂ ಕೆಲಸಕ್ಕೆ ಇದು ಆಗುತ್ತದೆ ಎಂಬುದು ನನ್ನ ಲೆಕ್ಕ.

ದೊಡ್ಡಪ್ಪನ ಮುಖ ಕೆಂಪಗಾಯಿತು. “ಏ ತಮ್ಮಾ, ದೊಡ್ಡವು ಸಣ್ಣವು ಒಂದ ನೊಗಕ್ಕ ಕಟ್ಟೀರೇನು? ಎತ್ತಿನ ಜೋಡಿ ಕರಾ ಹೂಡಿದ್ರ ಎತ್ತೂ ಕೆಡತೈತಿ, ಕರಾನೂ ಸಾಯತೈತಿ. ಇದನ್ನ ಮಾಡಿದಾವ ಯಾವನೋ ಹೊಲಾ ಕಂಡಾವಲ್ಲ.”

“ದೊಡ್ಡಪ್ಪಾ, ಅದು ಹಂಗಲ್ರಿ…”

“ಹದಿನಾರಂದ್ರ ಎಂಟು ಜೋಡಿ. ಸಮಾ ಐತಿ. ತಗಿ, ಮೈ ನೋಡೂಣು.”

ಮಾಜೀದ ಪಾಪ, ಡಬ್ಬಿ ಬಿಚ್ಚಿದ. ದೊಡ್ಡಪ್ಪ ಪ್ರೊಸೆಸರನ್ನು ಅಂಗೈಯಲ್ಲಿ ಇಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿದರು. ತಳದ ಚಿನ್ನದ ಚುಕ್ಕೆಗಳನ್ನು ಕಂಡು, “ಹಲ್ಲು ಪೂರಾ ಬಂದಾವು,” ಎಂದರು. ಮೂಲೆಯ ಸಣ್ಣ ತ್ರಿಕೋನದ ಗುರುತನ್ನು ಬೆರಳಿನಿಂದ ಮುಟ್ಟಿ, “ಸುಳಿ ಛಲೋ ಐತಿ. ಧಣಿಗೆ ಕೇಡಿಲ್ಲ,” ಎಂದರು. ಬಾಲ ಸಿಗದ್ದಕ್ಕೆ ಅವರಿಗೆ ಸ್ವಲ್ಪ ಬೇಜಾರಾದಂತೆ ಕಂಡಿತು.

ಆಮೇಲೆ ಟವೆಲ್ ಬಿಚ್ಚಿ ಮಾಜೀದನ ಕೈಮೇಲೆ ಹೊದಿಸಿದರು. ದನದ ಸಂತೆಯಲ್ಲಿ ವ್ಯಾಪಾರ ನಡೆಯುವುದೇ ಹಾಗೆ. ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಇಲ್ಲಿ ಸುತ್ತ ನಿಂತವರು ಮೌಸ್ ಕೊಳ್ಳಲು ಬಂದ ಕಾಲೇಜು ಹುಡುಗಿಯರು. ಮಾಜೀದನಿಗೆ ಬೆರಳಿನ ಭಾಷೆ ಬರದು. ದೊಡ್ಡಪ್ಪ ಹಿಚುಕಿದಾಗಲೆಲ್ಲ ಅವನು ಕಕ್ಕಾಬಿಕ್ಕಿಯಾಗಿ, “ಜಿಎಸ್‌ಟಿ ಬ್ಯಾರೆ ಆಗತೈತ್ರೀ,” ಎನ್ನುತ್ತಿದ್ದ. ನಾನು ನಾಚಿಕೆಯಿಂದ ಅಂಗಡಿಯ ಹೊರಗೆ ಹೋಗಿ ನಿಂತೆ. ಕಡೆಗೆ ಹದಿನಾರರದ್ದೇ ಬಂತು. ಅದು ಸರಿಯಾದ ಆಯ್ಕೆಯೋ ಅಲ್ಲವೋ ನನಗೆ ಇವತ್ತಿಗೂ ತಿಳಿಯದು.

ಮನೆಗೆ ತಂದು ಜೋಡಿಸಿದ ಮೇಲೆ ದೊಡ್ಡಪ್ಪ ಕ್ಯಾಬಿನೆಟ್ಟಿಗೆ ವಿಭೂತಿ ಹಚ್ಚಿದರು. ಶುಕ್ರವಾರ ರೆಂಡರಿಂಗ್ ಶುರು ಮಾಡಿದೆ. ಮದುವೆ ಬುಧವಾರ. ಎಡೆಬಿಡದೆ ನಡೆದರೆ ಮಂಗಳವಾರ ಸಂಜೆಗೆ ಮುಗಿಯುತ್ತಿತ್ತು. ಫ್ಯಾನು ಭರ್ರೆನ್ನುತ್ತಿತ್ತು. ದೊಡ್ಡಪ್ಪ ಹೊತ್ತುಹೊತ್ತಿಗೆ ಬಂದು ಬಿಸಿ ಗಾಳಿಗೆ ಕೈ ಒಡ್ಡಿ, “ಭಾಳ ದಣದೈತಿ,” ಎಂದು ಲೊಚಗುಟ್ಟುತ್ತಿದ್ದರು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದರು. ಅಷ್ಟಕ್ಕೇ ನಿಲ್ಲುತ್ತಾರೆ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಜೋಳ ಬೀಸಿಸಿಕೊಂಡು ಗಿರಣಿಯಿಂದ ಬಂದರೆ ಕೋಣೆ ತಣ್ಣಗಿತ್ತು. ಕಂಪ್ಯೂಟರಿನ ಫ್ಯಾನಿನ ಸದ್ದಿಲ್ಲ, ಪರದೆ ಕಪ್ಪು. ಪವರ್ ಕೇಬಲ್ಲೇ ಇರಲಿಲ್ಲ. ದೊಡ್ಡಪ್ಪ ಗೋದಲಿಯ ಪಕ್ಕ ಗೋಡೆಗೆ ಒರಗಿ ನೆಮ್ಮದಿಯಾಗಿ ಕೂತಿದ್ದರು.

“ಕೇಬಲ್ ಎಲ್ಲೈತ್ರಿ?”

ಅವರು ಮೇಲಿನ ಗೂಟ ತೋರಿಸಿದರು. ಹಳೆಯ ನೊಗ, ಮಿಣಿ, ಬಾರುಕೋಲು ತೂಗುಬಿಟ್ಟ ಗೂಟಕ್ಕೆ ನನ್ನ ಕೇಬಲ್ಲನ್ನೂ ನೀಟಾಗಿ ಸುತ್ತಿ ಹಾಕಿದ್ದರು. “ಇವತ್ತ ಸೋಮವಾರ. ಸೋಮವಾರ ಎತ್ತು ಹೂಡೂದಿಲ್ಲ.”

ನಮ್ಮ ಸೀಮೆಯಲ್ಲಿ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ನಿಜ. ಆದರೆ ಇದು ಕಂಪ್ಯೂಟರು!

“ದೊಡ್ಡಪ್ಪಾ, ಮ್ಯಾಲ ಫ್ಯಾನ್ ತಿರಗಾಕ ಹತ್ತೈತಿ. ಅದಕ್ಕ ಸೋಮವಾರ ಇಲ್ಲೇನ್ರಿ?”

“ಅದು ತಿರಗತೈತಿ, ಎಳಿಯೂದಿಲ್ಲ.”

“ನಿಮ್ಮ ಮೊಬೈಲು?”

“ಅದು ತಾನೂ ದುಡಿಯೂದಿಲ್ಲ, ದುಡಿಯೋರನ್ನೂ ಬಿಡೂದಿಲ್ಲ. ಎಂಟು ಜೋಡಿ ಎತ್ತು ಹಗಲಿಲ್ಲ ರಾತ್ರಿಲ್ಲ ಹೊಡಿಯಾಕತ್ತಿ. ಉಸುರು ಕೇಳವಲ್ಲದ ನಿನಗ? ನಾ ಆರಿಸಿ ತಂದ ಎತ್ತು ಈ ಮನ್ಯಾಗ ಯಾವತ್ತೂ ಸೋಮವಾರ ದುಡದಿಲ್ಲ. ನಾಳೆ ಹೊತ್ತು ಹುಟ್ಟಾಗ ಹೂಡು.”

ಕೂಗಾಡಿದೆ. ದೊಡ್ಡವ್ವನನ್ನು ಕರೆದೆ. ಅವಳು ಕ್ಯಾಬಿನೆಟ್ ಮುಟ್ಟಿ, “ಮೈ ಇನ್ನೂ ಬೆಚ್ಚಗೈತಿ, ಬಿಡವಾ ಒಂದಿನಾ,” ಎಂದು ಅವರ ಪಕ್ಷ ಸೇರಿದಳು. ಆಗಿನ ಸಿಟ್ಟಿಗೆ ದೊಡ್ಡಪ್ಪನನ್ನೇ ಸುತ್ತಿ ಗೂಟಕ್ಕೆ ಹಾಕಿಬಿಡಬೇಕು ಅನ್ನಿಸಿತು. ಆಗಲೇ ಮುಗಿದ ಚಿತ್ರಗಳೇನೋ ಉಳಿದಿದ್ದವು. ಆದರೆ ಒಂದು ದಿನ ಹೋದರೆ ಆ ಧೂಳೆಲ್ಲ ಬುಧವಾರಕ್ಕೆ ಮುಗಿಯುವ ಮಾತೇ ಇಲ್ಲ. ಅಪ್ಪನನ್ನು ತೋರಿಸುತ್ತೇನೆ ಎಂದು ಮಾತು ಕೊಟ್ಟ ನಾನು ಆ ಹುಡುಗಿಗೆ ಯಾವ ಮುಖ ತೋರಿಸಲಿ?

ಮುಖ ಸಿದ್ಧ ಮಾಡಿಕೊಳ್ಳುವ ಮೊದಲೇ ಸುಕನ್ಯಾ ಬಂದಳು. ಕೈಗೆ ಅರಿಶಿನ ಹಚ್ಚಿದ್ದರು. ಮುಗಿದಷ್ಟನ್ನು ನಾನು ಮೊಬೈಲಿಗೆ ಹಾಕಿಕೊಂಡಿದ್ದೆ, ಅದನ್ನೇ ತೋರಿಸಿದೆ. ಚಕ್ಕಡಿ ಹಾರಿ ಬಂತು, ಧೂಳು ಎದ್ದಿತು, ಗ್ಯಾನಪ್ಪ ಎದೆ ಸೆಟೆಸಿ ನಿಂತಿದ್ದ. ಅವಳು ಬಹಳ ಹೊತ್ತು ನೋಡಿದಳು.

“ಛಲೋ ಐತಕ್ಕಾ,” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, “ಇವ್ರು ಯಾರು?”

“ನಿಮ್ಮಪ್ಪ!”

“ಮುಖ ಅಪ್ಪಂದ ಐತಿ. ಆದ್ರ ಅಪ್ಪ ಚಕ್ಕಡಿ ಹೊಡದದ್ದು ನಾ ನೋಡೇ ಇಲ್ಲಕ್ಕಾ. ನಾ ಏಳೂದ್ರಾಗ ನಿಮ್ಮ ಹೊಲಕ್ಕ ಹೋಗಿರತಿದ್ದ. ನಾ ಮಕ್ಕೊಂಡ ಮ್ಯಾಲ ಬರತಿದ್ದ. ಎತ್ತಿಗೆ ರಜಾ ಇದ್ದ ದಿನಾ ಅಷ್ಟ ಅವ್ಗ ರಜಾ. ನಾ ಅಪ್ಪನ್ನ ನೋಡಿದ್ದು ಸೋಮವಾರ ಅಷ್ಟ.”

ಗೋದಲಿಯ ಪಕ್ಕ ಕೂತ ದೊಡ್ಡಪ್ಪ ತಲೆಯೆತ್ತಿ ಗೂಟದ ಮೇಲಿನ ನೊಗ ನೋಡಿದರು.

“ಸೋಮವಾರ ಏನ್ ಮಾಡತಿದ್ದ?” ಎಂದು ಕೇಳಿದೆ.

ಸುಕನ್ಯಾಳಿಗೆ ನಗು ಬಂತು. “ಏನೂ ಮಾಡತಿದ್ದಿಲ್ಲ. ಬಾಗಲಾಗ ಕುಂದರತಿದ್ದ. ನಾ ಬೆನ್ನ ಮ್ಯಾಲ ಹತ್ತತಿದ್ದೆ, ಆದ್ರೂ ಏನೂ ಅಂತಿದ್ದಿಲ್ಲ.”

ಮಂಗಳವಾರ ಹೊತ್ತು ಹುಟ್ಟುವಾಗ ದೊಡ್ಡಪ್ಪ ತಾವೇ ಗೂಟದಿಂದ ಕೇಬಲ್ ಇಳಿಸಿಕೊಟ್ಟರು. ಸೋಮವಾರವೆಲ್ಲ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯ ಮುಂದೆ ಕೂತು ನಾನು ಚಕ್ಕಡಿ ತೆಗೆದಿದ್ದೆ, ಧೂಳು ತೆಗೆದಿದ್ದೆ, ಹೂವು ತೆಗೆದಿದ್ದೆ. ಉಳಿದದ್ದು ಒಂದು ಬಾಗಿಲು, ಹೊಸ್ತಿಲಲ್ಲಿ ಕೂತ ಒಬ್ಬ ಮನುಷ್ಯ, ಪಕ್ಕದಲ್ಲಿ ನೊಗವಿಲ್ಲದೆ ಮಲಗಿದ ಎರಡು ಎತ್ತು. ಅಲುಗುವುದು ಒಂದು ಎತ್ತಿನ ಕಿವಿ ಮಾತ್ರ. ಧೂಳಿನ ಭಾರವಿಲ್ಲದ್ದಕ್ಕೆ ಬುಧವಾರ ಬೆಳಿಗ್ಗೆ ಚಿತ್ರ ಸಿದ್ಧವಾಗಿತ್ತು.

ಅಕ್ಕಿಕಾಳು ಹಾಕುವ ಮುಂಚೆ ಪರದೆಯ ಮೇಲೆ ಗ್ಯಾನಪ್ಪ ಬಂದ. ಬಂದು ಕೂತ. ಕೂತೇ ಇದ್ದ. ನವಲಿಯ ಬೀಗರು ಸ್ವಲ್ಪ ಹೊತ್ತು ಕಾದರು. ಒಬ್ಬರು, “ಹ್ಯಾಂಗ್ ಆತೇನ್ರಿ?” ಎಂದರು. ಪ್ರೊಜೆಕ್ಟರಿನವನು ಏನೋ ಒತ್ತಲು ಹೋದಾಗ ನಾನು ಅವನ ಕೈ ಹಿಡಿದೆ. ಆಗ ಎತ್ತು ಕಿವಿ ಬಡಿಯಿತು.

ಎಲ್ಲರಿಗಿಂತ ಮುಂದೆ ಕೂತಿದ್ದ ಗ್ಯಾನಪ್ಪನ ಹೆಂಡತಿ ಫಕೀರಮ್ಮ ಹಣೆ ಬಡಿದುಕೊಂಡಳು. “ನೋಡ್ರಿ ಈ ಮನುಷ್ಯಾನ್ನ! ಮಗಳ ಮದಿವ್ಯಾಗೂ ಹಿಂಗ ಕುಂತಾನ. ಒಂದ ಕೊಡಾ ನೀರ ತಂದಕೊಡು ಅಂದ್ರ ಏಳೂದಿಲ್ಲ. ಏನಂದ್ರ, ಸೋಮವಾರ ಅಂತಾನ!” ಜನ ನಕ್ಕರು. ಅವಳೂ ನಕ್ಕಳು. ನಗುತ್ತ ನಗುತ್ತ ಪರದೆಯ ಹತ್ತಿರ ಹೋಗಿ, ಅವನು ಕೂತಿದ್ದ ಕಡೆ ನೆಲದ ಮೇಲೆ ಕೂತುಬಿಟ್ಟಳು. ಸುಕನ್ಯಾ ಬಾಸಿಂಗ ಕಟ್ಟಿಕೊಂಡೇ ಎದ್ದು ಹೋಗಿ ಅವ್ವನ ಮಗ್ಗುಲಿಗೆ ಕೂತಳು. ನನಗೆ ಅಳು ತಡೆಯಲಾಗಲಿಲ್ಲ.

ದೊಡ್ಡಪ್ಪ ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ಮಡಚದ ಕಾಲನ್ನು ಮುಂದೆ ಚಾಚಿಕೊಂಡು ಪರದೆಯನ್ನೇ ನೋಡುತ್ತಿದ್ದರು. ನನ್ನ ಕಡೆ ವಾಲಿ ಕೇಳಿದರು.

“ಗ್ಯಾನಪ್ಪನ್ನ ಒಂದೀಟು ಕುಂದರಸಾಕ ಹದಿನಾರು ಎತ್ತು ಬೇಕಾದವೇನವಾ?”

ಮಾಜೀದನ ಕೈಗೆ ಹೊದಿಸಿದ್ದ ಟವೆಲ್ಲಿನಿಂದಲೇ ಅವರು ಕಣ್ಣು ಒರೆಸಿಕೊಂಡರು.