ಮಹಡಿ ಮೇಲಿನ ರೇಡಿಯೋ

ನಮ್ಮ ಆಂಡರ್ಸನ್‌ಪೇಟೆಯ ಟೈಲರ್ ಸರೋಜ, ಗಂಡ ಸತ್ತ ಮೇಲೆ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಬಂಗಾರಪೇಟೆಯ ಗಂಡಸೊಬ್ಬನ ಜೊತೆ ರೇಡಿಯೋದಲ್ಲಿ ಮಾತಾಡುತ್ತಾಳೆ ಅಂತ ಬೀದಿಗೆಲ್ಲ ಹೇಳಿದವಳು ನಾನೇ. ಅದು ಹಾಡು ಕೇಳೋ ರೇಡಿಯೋ ಅಲ್ಲ, ಎರಡೂ ಕಡೆಯಿಂದ ಮಾತಾಡೋ ಹ್ಯಾಮ್ ರೇಡಿಯೋ; ಮಳೆ ಗಾಳಿಯ ಸುದ್ದಿ ಕೊಡೋಕೆ ಅಂತಿದ್ದಳು. ಯಾರು ನಂಬ್ತಾರೆ?

ಮೊನ್ನೆ ಬಿರುಗಾಳಿ, ಆಲಿಕಲ್ಲು ಮಳೆ. ಫೋನಿಗೆ ಸಿಗ್ನಲ್ಲೇ ಇಲ್ಲ. ನನ್ನ ಮಗಳು ರತ್ನ ಕ್ಯಾಸಂಬಳ್ಳಿಗೆ ಟೊಮೇಟೊ ಬಿಡಿಸೋ ಕೂಲಿಗೆ ಹೋಗಿದ್ದಳು. ಮಾನ ಬಿಟ್ಟು ಆ ಮಹಡಿ ಹತ್ತಿದೆ.

ಸರೋಜ ಮೈಕು ಹಿಡಿದು, "ಆಲಿಕಲ್ಲು ನಿಂಬೆಹಣ್ಣಿನ ಗಾತ್ರ, ಗಾಳಿ ಜೋರು" ಅಂತ ಆ ಗಂಡಸಿಗೆ ವರದಿ ಒಪ್ಪಿಸುತ್ತಿದ್ದಳು. ಕಿತ್ತುಕೊಂಡು ಗುಂಡಿ ಒತ್ತಿದೆ.

"ಅಣ್ಣಾ, ನನ್ ಮಗ್ಳು ರತ್ನ ಕ್ಯಾಸಂಬಳ್ಳಿಗೆ ಓಗವ್ಳೆ. ಅಸಿರು ಸೀರೆ. ಗಂಡ ಕುಡುಕ, ಅವಳತ್ತೆ ಅಂತೂ..."

"ಗುಂಡಿ ಬಿಡಕ್ಕಾ! ನೀನು ಒತ್ಕೊಂಡೇ ಇದ್ರೆ ಅವ್ರು ಹೇಳೋದು ಕೇಳ್ಸಲ್ಲ."

ಬಿಟ್ಟೆ. ಬಾಯಿ ಮುಚ್ಚಿಕೊಂಡು ಕಾಯೋದು ಎಷ್ಟು ಕಷ್ಟ ಅಂತ ಈ ವಯಸ್ಸಿನಲ್ಲಿ ಗೊತ್ತಾಯಿತು. ಬರೀ ಕರಕರ ಸದ್ದು. ಕೊನೆಗೊಂದು ಮುದಿ ದನಿ ಬಂತು: "ಅಮ್ಮಾ, ಕ್ಯಾಸಂಬಳ್ಳಿಲಿರೋ ನಮ್ಮ ರೇಡಿಯೋದವರನ್ನ ಕೇಳಿದೆ. ಕೂಲಿಯೋರೆಲ್ಲ ಶಾಲೆಯೊಳಗಿದ್ದಾರೆ. ನಿಮ್ಮ ರತ್ನನೂ ಇದ್ದಾಳೆ."

ಅವರು ಮಾತಾಡೋದು ಮಳೆ ವಿಷಯಾನೇ ಕಣ್ರೀ ಅಂತ ಅವತ್ತೇ ಮನೆಮನೆಗೂ ಹೇಳಿ ಬಂದೆ. ಎಲ್ಲರೂ ಕೇಳಿಸಿಕೊಂಡರು. ಒಬ್ಬರೂ ಅದನ್ನು ಪಕ್ಕದ ಮನೆಗೆ ದಾಟಿಸಲಿಲ್ಲ.